ಅರ್ಜಿಗೆ ಕೊನೆ ದಿನಾಂಕ ಇದೆ, ಹಣಕ್ಕೆ ಯಾಕಿಲ್ಲ?

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಉಪನ್ಯಾಸಕಿ. ಪಾಠದ ಜೊತೆಗೆ ವಿದ್ಯಾರ್ಥಿ ವೇತನದ ಕೆಲಸವೂ ನನ್ನ ಮೇಲಿದೆ. ಈಗ ಎಲ್ಲವೂ ಆನ್‌ಲೈನ್. ರಾಜ್ಯ ಸರ್ಕಾರದ ವಿದ್ಯಾರ್ಥಿ ವೇತನದ ಎಸ್‌ಎಸ್‌ಪಿ ಪೋರ್ಟಲ್ ಇದೆ, ಹಣ ನೇರ ಖಾತೆಗೆ ಬರುತ್ತದೆ. ಆದರೂ ಪ್ರತಿ ವರ್ಷ ಪರೀಕ್ಷೆ ಹತ್ತಿರ ಬಂದರೂ ಮಕ್ಕಳು "ಮೇಡಂ, ಸ್ಕಾಲರ್‌ಶಿಪ್ ಯಾವಾಗ ಬರುತ್ತೆ?" ಎಂದು ಕೇಳುತ್ತಲೇ ಇರುತ್ತಾರೆ. ಎಲ್ಲ ಇಲಾಖೆಗಳ ವಿದ್ಯಾರ್ಥಿ ವೇತನವನ್ನು ಒಂದೇ ಕಚೇರಿಗೆ ವಹಿಸಿದರೆ ಸರಿಹೋಗುತ್ತದಾ? ನಿಜಕ್ಕೂ ಬದಲಾಗಬೇಕಾದ್ದು ಏನು?

ಉತ್ತರ: ಮೇಡಂ, ಒಂದೇ ಕಚೇರಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಕೊನೆಯ ಪ್ರಶ್ನೆ. ಎಲ್ಲಕ್ಕಿಂತ ಮೊದಲು ಬದಲಾಗಬೇಕಾದ್ದು ಹಣ ಕೈಸೇರುವ ಸಮಯ. ಈಗಿನ ಪದ್ಧತಿಯನ್ನೇ ನೋಡಿ. ವಿದ್ಯಾರ್ಥಿ ಅರ್ಜಿ ಹಾಕಲು ಕೊನೆ ದಿನಾಂಕ ಇದೆ. ದಾಖಲೆಗಳ ಇ-ದೃಢೀಕರಣಕ್ಕೆ ಇದೆ. ಕಾಲೇಜು ಪರಿಶೀಲಿಸಿ ಮುಂದಕ್ಕೆ ಕಳಿಸಲು ಇದೆ. ಇವುಗಳಲ್ಲಿ ಒಂದು ತಪ್ಪಿದರೂ ಆ ಹುಡುಗಿಯ ಒಂದು ವರ್ಷದ ಹಣ ಹೋಯಿತು. ಆದರೆ ಹಣ ಜಮೆಯಾಗಬೇಕಾದ ದಿನ ತಪ್ಪಿದರೆ ಯಾರಿಗೂ ಏನೂ ಆಗುವುದಿಲ್ಲ. ಸರ್ಕಾರದ ಆದೇಶಗಳಲ್ಲಿ ವೇಳಾಪಟ್ಟಿ ಇದ್ದರೂ, ಅದನ್ನು ಮುಂದಿಟ್ಟು "ನನ್ನ ಹಣ ಎಲ್ಲಿ?" ಎಂದು ಕೇಳಿ ಉತ್ತರ ಪಡೆಯುವ ಗಟ್ಟಿ ದಾರಿ ವಿದ್ಯಾರ್ಥಿಗೆ ಇಲ್ಲ.

ತಡವಾದರೆ ಏನಂತೆ, ಬರುತ್ತದಲ್ಲ ಎನ್ನುವವರು ಇದ್ದಾರೆ. ಅವರು ಮೊತ್ತವನ್ನು ನೋಡಬೇಕು. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿ ವೇತನಕ್ಕೆ ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಮನೆಯಿಂದ ಓಡಾಡುವ ಬಿ.ಎ. ವಿದ್ಯಾರ್ಥಿಗೆ ಶುಲ್ಕ ಬಿಟ್ಟು ಸಿಗುವ ಭತ್ಯೆ ವರ್ಷಕ್ಕೆ 3,000 ರೂಪಾಯಿ. ಹಾಸ್ಟೆಲ್‌ನಲ್ಲಿದ್ದರೆ 6,000. ವೃತ್ತಿಪರ ಕೋರ್ಸಿನ ಹಾಸ್ಟೆಲ್ ವಿದ್ಯಾರ್ಥಿಗೆ 13,500. ಮೂರು ಸಾವಿರ ರೂಪಾಯಿ ಜೂನ್-ಜುಲೈನಲ್ಲಿ ಬಂದರೆ ಬಸ್ ಪಾಸ್, ಪುಸ್ತಕ, ಪರೀಕ್ಷಾ ಶುಲ್ಕ ಆಗುತ್ತದೆ. ಮುಂದಿನ ವರ್ಷದ ಮೇ ತಿಂಗಳಲ್ಲಿ ಬಂದರೆ ಅಷ್ಟರಲ್ಲಿ ಅಪ್ಪ ಎಲ್ಲೋ ಬಡ್ಡಿಗೆ ತಂದಿರುತ್ತಾರೆ. ಇಲ್ಲವಾದರೆ ಹುಡುಗ ಕಾಲೇಜು ಬಿಟ್ಟು ಬೆಂಗಳೂರಿನ ಯಾವುದೋ ಗೋದಾಮಿಗೆ ಸೇರಿರುತ್ತಾನೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಎರಡೂ ಒಂದೇ: "ಪಾವತಿಯಾಗಿದೆ".

ಹಣ ನಿಂತರೆ ಓದು ನಿಲ್ಲುತ್ತದೆ ಎಂಬುದು ಈ ದೇಶದ ಅತಿ ದೊಡ್ಡ ವಿದ್ವಾಂಸರ ಬದುಕಿನಲ್ಲೂ ನಡೆದದ್ದು. ಬರೋಡಾದ ಮಹಾರಾಜರ ವಿದ್ಯಾರ್ಥಿ ವೇತನದಿಂದ 1913ರಲ್ಲಿ ಅಮೆರಿಕಕ್ಕೆ ಓದಲು ಹೋದ ಬಾಬಾಸಾಹೇಬ ಅಂಬೇಡ್ಕರರು, ಅದರ ಅವಧಿ ಮುಗಿದದ್ದರಿಂದ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ವಾಪಸ್ ಬರಬೇಕಾಯಿತು. ಮತ್ತೆ ಹೋಗಲು ಸಾಧ್ಯವಾದದ್ದು 1920ರಲ್ಲಿ. ಮುಂದೆ ವೈಸ್‌ರಾಯ್ ಮಂಡಳಿಯ ಸದಸ್ಯರಾಗಿದ್ದಾಗ ಪರಿಶಿಷ್ಟ ಜಾತಿಯ ಮಕ್ಕಳ ವಿದ್ಯಾರ್ಥಿ ವೇತನಕ್ಕೆ ಹಣ ಇಡಿ ಎಂದು ಅವರೇ ಪಟ್ಟು ಹಿಡಿದರು. ಇಂದಿನ ಮೆಟ್ರಿಕ್ ನಂತರದ ವಿದ್ಯಾರ್ಥಿ ವೇತನ ಯೋಜನೆ 1944ರಿಂದ ನಡೆದುಬಂದಿದೆ.

ಈಗ ಒಂದೇ ಕಚೇರಿಯ ವಿಚಾರ. ಇದನ್ನು ಮಾಡಿ ನೋಡಿದ ದೇಶಗಳಿವೆ. ಐರ್ಲೆಂಡಿನಲ್ಲಿ ವಿದ್ಯಾರ್ಥಿಗಳ ಧನಸಹಾಯವನ್ನು 66 ಬೇರೆ ಬೇರೆ ಸ್ಥಳೀಯ ಸಂಸ್ಥೆಗಳು ಕೊಡುತ್ತಿದ್ದವು. 2012ರಲ್ಲಿ ಹೊಸ ಅರ್ಜಿಗಳನ್ನೆಲ್ಲ 'ಸೂಸಿ' ಎಂಬ ಒಂದೇ ಸಂಸ್ಥೆಗೆ ವಹಿಸಿದರು. ಮೊದಲ ವರ್ಷ ದೊಡ್ಡ ಗದ್ದಲವೇ ಆಯಿತು. ಚಳಿಗಾಲ ಶುರುವಾದರೂ ಸಾವಿರಾರು ಮಕ್ಕಳಿಗೆ ಹಣ ಇಲ್ಲ. ಯಾಕೆ ಅಂದರೆ ಕಚೇರಿ ಒಂದಾದರೂ ಕೇಳುವ ಕಾಗದಗಳು ಕಡಿಮೆ ಆಗಿರಲಿಲ್ಲ. ಒಂದು ಪತ್ರ ಇಲ್ಲ ಅಂತ ಅರ್ಜಿ ನಿಲ್ಲುತ್ತಿತ್ತು, ಮತ್ತೆ ಪತ್ರ, ಮತ್ತೆ ಕಾಯುವಿಕೆ. ಪರಿಸ್ಥಿತಿ ಸುಧಾರಿಸಿದ್ದು ತೆರಿಗೆ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಯಿಂದ ಕುಟುಂಬದ ಆದಾಯದ ವಿವರವನ್ನು ನೇರವಾಗಿ ತರಿಸಿಕೊಳ್ಳಲು ಶುರು ಮಾಡಿದ ಮೇಲೆ.

ಇಂಗ್ಲೆಂಡಿನ ಕಥೆ ಇನ್ನೂ ಕಹಿ. ಅಲ್ಲಿ 2009ರಲ್ಲಿ ಹೊಸ ವಿದ್ಯಾರ್ಥಿಗಳ ಅರ್ಜಿಗಳನ್ನು ಸ್ಥಳೀಯ ಆಡಳಿತಗಳಿಂದ ತೆಗೆದು ವಿದ್ಯಾರ್ಥಿ ಸಾಲ ಕಂಪನಿಗೆ ಕೊಟ್ಟರು. ಆ ವರ್ಷ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಬಂದ ಫೋನ್ ಕರೆಗಳಲ್ಲಿ ಶೇ 87ರಷ್ಟಕ್ಕೆ ಯಾರೂ ಉತ್ತರಿಸಲಿಲ್ಲ ಎಂದು ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆಯೇ ಹೇಳಿತು.

ಹಾಗಾಗಿ ಒಂದೇ ಕಚೇರಿ ಬೇಡ ಎನ್ನುತ್ತಿಲ್ಲ. ಅದು ಎರಡನೇ ಹೆಜ್ಜೆ. ನಮ್ಮಲ್ಲಿ ಎಸ್‌ಎಸ್‌ಪಿ ಬಂದ ಮೇಲೆ ಬಾಗಿಲು ಒಂದಾಗಿದೆ, ಒಳಗಿನ ಕೋಣೆಗಳು ಹಾಗೇ ಇವೆ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ಹೀಗೆ ಒಂದೊಂದು ಇಲಾಖೆಗೆ ಒಂದೊಂದು ನಿಯಮ, ಒಂದೊಂದು ಬಜೆಟ್, ಹಣ ಬಿಡುಗಡೆಗೆ ಒಂದೊಂದು ದಿನ. ಒಂದೇ ಬೆಂಚಿನ ಮೂವರಿಗೆ ಮೂರು ಬೇರೆ ಬೇರೆ ತಿಂಗಳಲ್ಲಿ ಹಣ ಬರುವುದು ಅದಕ್ಕೇ. ಪಾಪ, ಮಕ್ಕಳು ನಿಮ್ಮನ್ನು ಕೇಳುತ್ತಾರೆ. ನಿಮ್ಮ ಲಾಗಿನ್‌ನಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ.

ತಡ ಎಲ್ಲಿ ಹುಟ್ಟುತ್ತದೆ ಅಂತ ಸ್ವಲ್ಪ ವಿವರವಾಗಿ ನೋಡೋಣ. ಸರ್ಕಾರದ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಕಾಲೇಜಿನ ವರ್ಷ ಬೇರೆ. ಪದವಿ ಪ್ರವೇಶ ಮುಗಿಯಬೇಕು, ಸಿಇಟಿ ಸೀಟು ಹಂಚಿಕೆಯ ಸುತ್ತುಗಳು ಮುಗಿಯಬೇಕು, ವಿಶ್ವವಿದ್ಯಾಲಯ ನೋಂದಣಿ ಸಂಖ್ಯೆ ಕೊಡಬೇಕು, ಆಮೇಲೆ ಅರ್ಜಿ. ಅರ್ಜಿ, ದೃಢೀಕರಣ, ಕಾಲೇಜು ಪರಿಶೀಲನೆ, ಇಲಾಖೆ ಮಂಜೂರಾತಿ ಆಗುವಷ್ಟರಲ್ಲಿ ಜನವರಿ ದಾಟುತ್ತದೆ. ಬಜೆಟ್ ಹಣ ಕಂತುಗಳಲ್ಲಿ ಬಿಡುಗಡೆಯಾಗುತ್ತದೆ. ಮಾರ್ಚ್‌ನಲ್ಲಿ ಖಜಾನೆ ಮೇಲೆ ಎಲ್ಲ ಇಲಾಖೆಗಳ ಬಿಲ್ಲುಗಳೂ ಒಟ್ಟಿಗೆ ಬೀಳುತ್ತವೆ. ಆಗ ಉಳಿದದ್ದು ಮುಂದಿನ ವರ್ಷದ ಹಣಕ್ಕೆ ಕಾಯಬೇಕು.

ಇದರ ಮೇಲೆ ಕೇಂದ್ರ ಮತ್ತು ರಾಜ್ಯದ ಪಾಲು. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ಯೋಜನೆಯಲ್ಲಿ ಮೊದಲು ರಾಜ್ಯಗಳು ಒಂದು ನಿಗದಿತ ಮೊತ್ತವನ್ನು ತಾವೇ ಭರಿಸಿ, ಅದಕ್ಕಿಂತ ಹೆಚ್ಚಾದದ್ದನ್ನು ಮಾತ್ರ ಕೇಂದ್ರ ಕೊಡುತ್ತಿತ್ತು. ಪಂಚವಾರ್ಷಿಕ ಯೋಜನೆಗಳು ನಿಂತ ಮೇಲೆ ರಾಜ್ಯಗಳ ಮೇಲಿನ ಈ ಭಾರ ತೀರಾ ಜಾಸ್ತಿಯಾಯಿತು. 2017-18ರಿಂದ 2019-20ರವರೆಗೆ ಇಡೀ ದೇಶಕ್ಕೆ ಕೇಂದ್ರ ಕೊಟ್ಟದ್ದು ವರ್ಷಕ್ಕೆ ಸುಮಾರು 1,100 ಕೋಟಿ ರೂಪಾಯಿ ಅಷ್ಟೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಇದನ್ನು ಬದಲಿಸಿತು. ಐದು ವರ್ಷಕ್ಕೆ ಒಟ್ಟು 59,048 ಕೋಟಿ, ಅದರಲ್ಲಿ ಶೇ 60 ಕೇಂದ್ರದ್ದು, ಉಳಿದದ್ದು ರಾಜ್ಯದ್ದು ಎಂದು ತೀರ್ಮಾನವಾಯಿತು. ಇದು ಒಳ್ಳೆಯ ಸುಧಾರಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾಜ್ಯ ತನ್ನ ಪಾಲು ಹಾಕಿದ ಮೇಲೇ ಕೇಂದ್ರದ ಪಾಲು ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಅಂದರೆ ರಾಜ್ಯ ತಡ ಮಾಡಿದರೆ ಹುಡುಗನಿಗೆ ಎರಡು ಪೆಟ್ಟು. ಅವನ ಖಾತೆಗೆ ಒಂದು ಭಾಗ ಒಮ್ಮೆ, ಇನ್ನೊಂದು ಭಾಗ ಇನ್ಯಾವಾಗಲೋ. ಯಾವ ಹಣ ಯಾವ ವರ್ಷದ್ದು, ಯಾವ ಯೋಜನೆಯದ್ದು ಅಂತ ಪಾಸ್‌ಬುಕ್ ನೋಡಿದರೆ ಮೇಷ್ಟ್ರುಗಳಿಗೂ ಗೊತ್ತಾಗುವುದಿಲ್ಲ.

ಈ ಬದಲಾವಣೆಯ ಇನ್ನೊಂದು ತೊಡಕೂ ನಿಮಗೆ ಗೊತ್ತಿರಬೇಕು. ಶುಲ್ಕದ ಹಣವೂ ವಿದ್ಯಾರ್ಥಿ ಖಾತೆಗೇ ಬರುತ್ತದೆ. ಬಂದ ಏಳು ದಿನದೊಳಗೆ ಅದನ್ನು ಕಾಲೇಜಿಗೆ ಕಟ್ಟಬೇಕು. ಖಾಸಗಿ ಕಾಲೇಜಾದರೆ ಅಷ್ಟು ದಿನ ಕಾಯುವುದಿಲ್ಲ. ಪ್ರವೇಶದ ದಿನವೇ ಕಟ್ಟಿ ಎನ್ನುತ್ತದೆ. ಹಣ ಕಟ್ಟದೆ ಪ್ರವೇಶ ಪಡೆಯಲಿ ಎಂದೇ ಮಾರ್ಗಸೂಚಿಯಲ್ಲಿ 'ಫ್ರೀಶಿಪ್ ಕಾರ್ಡ್' ಎಂಬ ಏರ್ಪಾಡು ಇದೆ. ಪಿಯುಸಿ ಮುಗಿಸುವ ಎಷ್ಟು ಮಕ್ಕಳಿಗೆ ಈ ಕಾರ್ಡಿನ ಹೆಸರು ಗೊತ್ತು? ಫಲಿತಾಂಶದ ದಿನವೇ ಇದು ಅರ್ಹ ಮಕ್ಕಳ ಕೈಗೆ ಸಿಗಬೇಕು.

ಶುಲ್ಕದ ಹಣ ಯಾರ ಕೈಗೆ ಹೋಗಬೇಕು ಎಂಬ ಜಗಳ ಪಕ್ಕದ ರಾಜ್ಯಗಳಲ್ಲಿ ಜೋರಾಗಿ ನಡೆದಿದೆ. ಆಂಧ್ರಪ್ರದೇಶದಲ್ಲಿ ಮೊದಲು ಕಾಲೇಜಿಗೆ ಕೊಡುತ್ತಿದ್ದರು. 2021ರಲ್ಲಿ ಜಗನ್ ಸರ್ಕಾರ ತಾಯಂದಿರ ಖಾತೆಗೆ ಹಾಕತೊಡಗಿತು. ಕಾಲೇಜುಗಳು ಹೈಕೋರ್ಟಿಗೆ ಹೋದವು. 2024ರಲ್ಲಿ ಬಂದ ಹೊಸ ಸರ್ಕಾರ ಮತ್ತೆ ಕಾಲೇಜಿಗೇ ಕೊಡುವ ತೀರ್ಮಾನ ಮಾಡಿತು. ತೆಲಂಗಾಣದಲ್ಲಿ ಶುಲ್ಕದ ಬಾಕಿ ಬೆಳೆದು, 2025ರಲ್ಲಿ ಖಾಸಗಿ ಕಾಲೇಜುಗಳು ಬಾಗಿಲು ಮುಚ್ಚಿ ಬಂದ್ ಮಾಡಿದವು. ಇವನ್ನು ನೋಡಿದಾಗ ನನಗೆ ಅನಿಸುವುದು ಇಷ್ಟು. ಹಣ ತಾಯಿಗೆ ಕೊಡಿ, ವಿದ್ಯಾರ್ಥಿಗೆ ಕೊಡಿ, ಕಾಲೇಜಿಗೆ ಕೊಡಿ, ಹೇಳಿದ ದಿನ ಬರದಿದ್ದರೆ ಎಲ್ಲ ಪದ್ಧತಿಗಳೂ ಬಿದ್ದುಹೋಗುತ್ತವೆ. ಆದರೂ ಆಯ್ಕೆ ಮಾಡು ಎಂದರೆ, ಶುಲ್ಕವನ್ನು ಸರ್ಕಾರ ಕಾಲೇಜಿಗೆ ಕಟ್ಟಲಿ ಎನ್ನುತ್ತೇನೆ. ಕಟ್ಟುವ ಮುಂಚೆ "ನಾನು ಇಲ್ಲಿ ಓದುತ್ತಿದ್ದೇನೆ" ಎಂದು ವಿದ್ಯಾರ್ಥಿ ತನ್ನ ಮೊಬೈಲಿನಿಂದಲೇ ಒಪ್ಪಿಗೆ ಕೊಡಲಿ. ಭತ್ಯೆ ಮಾತ್ರ ಪೂರ್ತಿಯಾಗಿ ವಿದ್ಯಾರ್ಥಿಯ ಖಾತೆಗೆ, ತಿಂಗಳು ತಿಂಗಳು ಬರಲಿ. ಶುಲ್ಕದ ಸಾಲಗಾರನಾಗಿ ಹದಿನೆಂಟರ ಹುಡುಗ ಕಾಲೇಜಿನ ಮುಂದೆ ತಲೆತಗ್ಗಿಸಿ ನಿಲ್ಲುವುದು ತಪ್ಪಬೇಕು.

ವಿದ್ಯಾರ್ಥಿಯ ಒಪ್ಪಿಗೆ ಯಾಕೆ ಬೇಕು ಅಂದರೆ, ಈ ಹಣದಲ್ಲಿ ನಡೆದ ದೊಡ್ಡ ಮೋಸಗಳನ್ನು ಮಾಡಿದ್ದು ಸಂಸ್ಥೆಗಳು. ಹಿಮಾಚಲ ಪ್ರದೇಶದಲ್ಲಿ 250 ಕೋಟಿ ರೂಪಾಯಿಗೂ ಹೆಚ್ಚಿನ ವಿದ್ಯಾರ್ಥಿ ವೇತನ ಹಗರಣವನ್ನು 2019ರಲ್ಲಿ ಸಿಬಿಐ ತನಿಖೆಗೆ ತೆಗೆದುಕೊಂಡಿತು. ಅಲ್ಲಿ ಆರೋಪ ಇರುವುದು ಖಾಸಗಿ ಸಂಸ್ಥೆಗಳು ಮತ್ತು ಅವಕ್ಕೆ ನೆರವಾದವರ ಮೇಲೆ. 2023ರಲ್ಲಿ ಅಲ್ಪಸಂಖ್ಯಾತರ ವಿದ್ಯಾರ್ಥಿ ವೇತನದ ಬಗ್ಗೆ ಕೇಂದ್ರ ಸಚಿವಾಲಯ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ನಕಲಿ ಎಂದು ಕಂಡುಬಂತು. ನಷ್ಟ 144.83 ಕೋಟಿ. ಇದೂ ಸಿಬಿಐಗೆ ಹೋಯಿತು. ಇಂಥ ಪ್ರತಿ ಹಗರಣದ ನಂತರ ಸಂಸ್ಥೆಯ ಮುಖ್ಯಸ್ಥರ ಬೆರಳಚ್ಚು ಪರಿಶೀಲನೆ ಬಂತು, ಅಲ್ಲಿ ಈ ಕೆಲಸ ನೋಡುವ ನೋಡಲ್ ಅಧಿಕಾರಿಯ ಬೆರಳಚ್ಚು ಪರಿಶೀಲನೆಯೂ ಬಂತು. ಅದು ಸರಿ. ಆದರೆ ವಿದ್ಯಾರ್ಥಿಗೂ ಹೊಸ ಹೊಸ ದಾಖಲೆ, ಹೊಸ ಹೊಸ ದೃಢೀಕರಣ ಸೇರುತ್ತಾ ಹೋದವು. ಕದ್ದವರು ಒಬ್ಬರು, ತಪಾಸಣೆಗೆ ಸಾಲಿನಲ್ಲಿ ನಿಲ್ಲುವವರು ಇನ್ನೊಬ್ಬರು. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ತಪಾಸಣೆ ಸಂಸ್ಥೆಯ ಬಾಗಿಲಲ್ಲಿ ನಡೆಯಲಿ. ತರಗತಿಗೆ ಹೋಗಿ ತಲೆ ಎಣಿಸಲಿ. ಮೇಲೆ ಹೇಳಿದ 2020ರ ಸಂಪುಟ ತೀರ್ಮಾನದಲ್ಲೇ ಸಾಮಾಜಿಕ ಲೆಕ್ಕಪರಿಶೋಧನೆ ಮಾಡಬೇಕು ಎಂದಿದೆ. ಅದನ್ನು ಪ್ರತಿ ಜಿಲ್ಲೆಯಲ್ಲಿ ವಿದ್ಯಾರ್ಥಿಗಳನ್ನೂ ಕೂರಿಸಿಕೊಂಡು ಮಾಡಿದರೆ ಅರ್ಧ ಮೋಸ ನಿಲ್ಲುತ್ತದೆ.

ದಾಖಲೆಗಳ ವಿಷಯದಲ್ಲಿ ಕರ್ನಾಟಕ ಸಾಕಷ್ಟು ಮುಂದೆ ಬಂದಿದೆ ಎಂಬುದನ್ನೂ ಹೇಳಬೇಕು. ನಾಡಕಚೇರಿ ಕೊಟ್ಟ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿದರೆ ವಿವರ ತಾನಾಗೇ ಬರುತ್ತದೆ. ಇದು ಮೊದಲಿನ ಜೆರಾಕ್ಸ್ ಕಂತೆಗಿಂತ ಎಷ್ಟೋ ಮೇಲು. ಆದರೆ ಕೊನೆಗೆ ಕಾಡುವುದು ಹೆಸರು. ಅಂಕಪಟ್ಟಿಯಲ್ಲಿ 'ಬಸವರಾಜ ಕೆ.', ಆಧಾರ್‌ನಲ್ಲಿ 'ಬಸವರಾಜ್ ಕಲ್ಲಪ್ಪ', ಜಾತಿ ಪ್ರಮಾಣಪತ್ರದಲ್ಲಿ ಬರೀ 'ಬಸವರಾಜ'. ನಮ್ಮ ಕಡೆ ಇನಿಷಿಯಲ್ ಹಿಂದೆ ಬರುತ್ತದೆ, ಮುಂದೆ ಬರುತ್ತದೆ, ಊರಿನ ಹೆಸರೂ ಸೇರುತ್ತದೆ. ಕಂಪ್ಯೂಟರಿಗೆ ಇವರು ಮೂರು ಜನ. ಹುಡುಗ ಆಧಾರ್ ಕೇಂದ್ರಕ್ಕೆ, ನಾಡಕಚೇರಿಗೆ ಅಲೆಯುತ್ತಾನೆ. ಇವನು ಒಬ್ಬನೇ ಎಂದು ತೀರ್ಮಾನಿಸುವ ಅಧಿಕಾರವನ್ನು ನಿಮ್ಮ ಪ್ರಾಂಶುಪಾಲರಿಗೆ ಕೊಡಬೇಕು. ಅವನನ್ನು ದಿನಾ ನೋಡುವವರು ಅವರೇ ಅಲ್ವಾ? ತಪ್ಪಾಗಿ ದೃಢೀಕರಿಸಿದರೆ ಹೊಣೆಯೂ ಅವರದ್ದೇ ಇರಲಿ.

ಪ್ರತಿ ವರ್ಷ ಹೊಸದಾಗಿ ಅರ್ಹತೆ ತೀರ್ಮಾನಿಸುವ ಪದ್ಧತಿಯೂ ಹೋಗಬೇಕು. ಆದಾಯ ಪ್ರಮಾಣಪತ್ರಕ್ಕೆ ನಮ್ಮಲ್ಲಿ ಐದು ವರ್ಷದ ಬಾಳಿಕೆ ಇದೆ. ಪದವಿ ಮೂರು ವರ್ಷ. ಮೊದಲ ವರ್ಷವೇ ಮೂರೂ ವರ್ಷಕ್ಕೆ ಮಂಜೂರು ಮಾಡಿ, ಮುಂದೆ ತೇರ್ಗಡೆಯಾದರೇ, ಕಾಲೇಜಿನಲ್ಲಿ ಇದ್ದಾರೆಯೇ ಎಂಬುದನ್ನಷ್ಟೇ ವಿಶ್ವವಿದ್ಯಾಲಯದ ಮಾಹಿತಿಯಿಂದ ನೋಡಿಕೊಂಡರೆ ಸಾಕು. ಎರಡನೇ ವರ್ಷದ ಹಣ ಕಾಲೇಜು ತೆರೆದ ತಿಂಗಳೇ ಬರಬಹುದು. ಅರ್ಜಿಯೇ ಇಲ್ಲದೆ ಹಣ ಕೊಡುವುದು ಕನಸು ಅಂದುಕೊಳ್ಳಬೇಡಿ. ರೈತರ ಮಕ್ಕಳಿಗಾಗಿ ರಾಜ್ಯದಲ್ಲಿ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ, ರೈತರ ನೋಂದಣಿ ಇರುವ 'ಫ್ರೂಟ್ಸ್' ಪೋರ್ಟಲ್‌ನ ಮಾಹಿತಿಯನ್ನೂ ವಿದ್ಯಾರ್ಥಿಗಳ ಮಾಹಿತಿಯನ್ನೂ ತಾಳೆ ನೋಡಿ, ಪ್ರತ್ಯೇಕ ಅರ್ಜಿ ಕೇಳದೆಯೇ 2,500ರಿಂದ 11,000 ರೂಪಾಯಿವರೆಗೆ ಖಾತೆಗೆ ಹಾಕಿದರು. ಸರ್ಕಾರದ ಬಳಿ ಮಾಹಿತಿ ಇದೆ, ಅದನ್ನು ಜೋಡಿಸುವ ಕೈಚಳಕವೂ ಇದೆ ಎಂದು ಇದು ತೋರಿಸಿಕೊಟ್ಟಿತು.

ಇಷ್ಟೆಲ್ಲ ಆದರೂ ಕೊನೆ ದಿನಾಂಕ ಎಂಬ ಮೊಳೆ ಹೊಡೆಯದಿದ್ದರೆ ಯಾವುದೂ ನಿಲ್ಲುವುದಿಲ್ಲ. ಅದಕ್ಕೆ ದಾರಿ ನಮ್ಮಲ್ಲೇ ಇದೆ. 2011ರಲ್ಲಿ ಕಾಯ್ದೆಯಾಗಿ, 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಸಕಾಲ ನಿಮಗೆ ಗೊತ್ತೇ ಇದೆ. ಹೇಳಿದ ದಿನದೊಳಗೆ ಸೇವೆ ಸಿಗದಿದ್ದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ. ಅದನ್ನು ಭರಿಸಬೇಕಾದವರು ತಡ ಮಾಡಿದ ಅಧಿಕಾರಿ. ಇದೇ ತತ್ವವನ್ನು ವಿದ್ಯಾರ್ಥಿ ವೇತನ ಖಾತೆಗೆ ಜಮೆಯಾಗುವ ದಿನದವರೆಗೂ ಎಳೆಯಬೇಕು. ಮಂಜೂರಾತಿ ಆದರೆ ಸಾಲದು, ಜಮೆ ಆಗಬೇಕು. ಒಂದು ತಿದ್ದುಪಡಿ ಮಾತ್ರ ಬೇಕು. ಬಜೆಟ್ ಬಿಡುಗಡೆಯಾಗದೆ ತಡವಾದರೆ ಜಿಲ್ಲೆಯ ಅಧಿಕಾರಿಯ ಸಂಬಳ ಮುಟ್ಟುವುದು ಅನ್ಯಾಯ. ಆಗ ಪರಿಹಾರವನ್ನು ಇಲಾಖೆಯೇ ಕೊಡಲಿ. ಸಾವಿರಾರು ಮಕ್ಕಳಿಗೆ ದಿನಕ್ಕೆ ಇಷ್ಟು ಅಂತ ಕೊಡಬೇಕಾಗಿ ಬಂದರೆ, ಕಂತು ಬಿಡುಗಡೆ ಮಾಡುವವರಿಗೆ ತಡದ ಬೆಲೆ ತಿಳಿಯುತ್ತದೆ. ಮುಂದಿನ ವರ್ಷಕ್ಕೆ ಓದು ಮುಂದುವರಿಸುವ ಮಕ್ಕಳ ಸಂಖ್ಯೆ ಏಪ್ರಿಲ್‌ನಲ್ಲೇ ಗೊತ್ತಿರುತ್ತದೆ. ಅಷ್ಟು ಹಣವನ್ನು ವರ್ಷದ ಮೊದಲ ಕಂತಿನಲ್ಲೇ ತೆಗೆದಿಡಲು ಅಡ್ಡಿ ಏನೂ ಇಲ್ಲ.

ಇದೆಲ್ಲ ವಿಧಾನಸೌಧದಲ್ಲಿ ಆಗಬೇಕಾದ ಕೆಲಸ. ಅಲ್ಲಿಯವರೆಗೆ ನೀವು ಕಾಲೇಜಿನಲ್ಲಿ ಮಾಡಬಹುದಾದ ಕೆಲಸ ಕಡಿಮೆಯೇನಲ್ಲ. ಮಂಜೂರಾದ ಮೇಲೂ ಹಣ ಸಿಕ್ಕಿಹಾಕಿಕೊಳ್ಳುವ ಜಾಗಗಳಲ್ಲಿ ಆಧಾರ್ ಸೀಡಿಂಗ್, ಅಂದರೆ ಸರ್ಕಾರದ ಹಣ ಬರಲು ಖಾತೆಗೆ ಆಧಾರ್ ಜೋಡಿಸುವುದು, ದೊಡ್ಡದು. ಬ್ಯಾಂಕಿನಲ್ಲಿ ಆಧಾರ್ ಜೆರಾಕ್ಸ್ ಕೊಟ್ಟಿದ್ದೇನೆ, ಲಿಂಕ್ ಆಗಿದೆ ಎಂದು ಮಕ್ಕಳು ಹೇಳುತ್ತಾರೆ. ಅದು ಬೇರೆ, ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆ ಖಾತೆ ಸೇರಿರುವುದು ಬೇರೆ. ಒಬ್ಬರಿಗೆ ನಾಲ್ಕು ಖಾತೆ ಇದ್ದರೂ, ಕೊನೆಯಲ್ಲಿ ಯಾವ ಬ್ಯಾಂಕಿನಲ್ಲಿ ಸೀಡಿಂಗ್ ಆಗಿದೆಯೋ ಅಲ್ಲಿಗೇ ಹಣ ಹೋಗುತ್ತದೆ. ಹೊಸ ಸಿಮ್ ಜೊತೆಗೋ ಮೊಬೈಲ್ ಅಂಗಡಿಯಲ್ಲೋ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹಣ ಹೋಗಿ ಕೂತಿರುತ್ತದೆ, ಹುಡುಗಿಗೆ ಗೊತ್ತೇ ಇರುವುದಿಲ್ಲ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಖಾತೆಗೆ ಎಷ್ಟು ಬಂದಿದೆ ಎಂದು ನೋಡಬಹುದು. ಪ್ರವೇಶದ ವಾರದಲ್ಲೇ ಪ್ರತಿ ತರಗತಿಯಲ್ಲಿ ಇದನ್ನು ಒಮ್ಮೆ ಮಾಡಿಸಿಬಿಡಿ. ಕೊನೆ ವರ್ಷದ ಇಬ್ಬರು ಮೂವರು ಮಕ್ಕಳನ್ನು ಜೊತೆಗಿಟ್ಟುಕೊಳ್ಳಿ, ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಹಣ ಬಾರದವರ ಪಟ್ಟಿಯನ್ನು ಕಾರಣದ ಪ್ರಕಾರ ಬೇರೆ ಮಾಡಿ: ಹೆಸರಿನ ವ್ಯತ್ಯಾಸ, ಸೀಡಿಂಗ್, ಕಾಲೇಜಿನಲ್ಲೇ ಬಾಕಿ, ಇಲಾಖೆಯಲ್ಲಿ ಬಾಕಿ, ಮಂಜೂರಾಗಿ ಹಣ ಬಾಕಿ. ಕೊನೆಯ ಎರಡು ಗುಂಪಿನವರ ಪಟ್ಟಿಯನ್ನು ಪ್ರಾಂಶುಪಾಲರ ಸಹಿ ಹಾಕಿಸಿ ತಾಲ್ಲೂಕು ಕಚೇರಿಗೂ ಜಿಲ್ಲಾ ಕಚೇರಿಗೂ ಪ್ರತಿ ತಿಂಗಳು ಕಳಿಸಿ, ಸ್ವೀಕೃತಿ ಪಡೆಯಿರಿ. ಒಬ್ಬೊಬ್ಬ ವಿದ್ಯಾರ್ಥಿ ಹೋಗಿ ಕೇಳುವುದಕ್ಕೂ ಕಾಲೇಜು ಲಿಖಿತವಾಗಿ ಕೇಳುವುದಕ್ಕೂ ಬಹಳ ವ್ಯತ್ಯಾಸ ಇದೆ.

ಇನ್ನೊಂದು ವಿಷಯ. ಖಾತೆಯಲ್ಲಿ ಎರಡು ವರ್ಷ ವ್ಯವಹಾರ ಇಲ್ಲ, ನಿಷ್ಕ್ರಿಯ ಆಗಿದೆ ಎಂದು ಬ್ಯಾಂಕಿನವರು ಮಕ್ಕಳನ್ನು ವಾಪಸ್ ಕಳಿಸಿದರೆ ಸುಮ್ನೆ ಬರಲು ಬಿಡಬೇಡಿ. ವಿದ್ಯಾರ್ಥಿ ವೇತನಕ್ಕಾಗಿ ತೆರೆದ ಶೂನ್ಯ ಶಿಲ್ಕಿನ ಖಾತೆಗಳನ್ನು ಹಾಗೆ ನಿಷ್ಕ್ರಿಯ ಎಂದು ಗುರುತಿಸಬಾರದು ಎಂದು ರಿಸರ್ವ್ ಬ್ಯಾಂಕ್ 2024ರ ಜನವರಿಯಲ್ಲಿ ಸೂಚನೆ ಕೊಟ್ಟಿದೆ, ಆ ವರ್ಷದ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಆ ಸೂಚನೆಯ ಒಂದು ಪ್ರತಿ ತೆಗೆದು ನಿಮ್ಮ ಸೂಚನಾ ಫಲಕಕ್ಕೆ ಹಾಕಿ. ಇನ್ನೊಂದನ್ನು ಊರಿನ ಬ್ಯಾಂಕ್ ವ್ಯವಸ್ಥಾಪಕರಿಗೆ ಕಾಲೇಜಿನ ಪತ್ರದ ಜೊತೆ ಕಳಿಸಿಕೊಡಿ.